ಎರಡನೇ ಫೈಲು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತ ಅಮ್ಮ ಎರಡೂ ಬಸಿರಿನಲ್ಲಿ ಎಚ್ಚರಿಸಿದ್ದರು. ಕುಲಾವಿ ಹೊಲಿಸಲಿಲ್ಲ, ತೊಟ್ಟಿಲನ್ನು ಅಟ್ಟದಿಂದ ಇಳಿಸಲೂ ಇಲ್ಲ. 2023ರಲ್ಲಿ, ಎರಡನೆಯದಕ್ಕೆ, ನನ್ನ ಹಾಳೆಯಲ್ಲಿ ಇದ್ದದ್ದು ಮೂರೇ ಸಾಲು: ಹೆರಿಗೆ ಖರ್ಚು, ಬಾಣಂತನ, ದೊಡ್ಡವಳ ಜೂನ್ ಫೀಸು. ಮೊದಲನೇ ಹೆರಿಗೆ ಸಲೀಸಾಗಿತ್ತಲ್ಲ, ಅದರ ಬಿಲ್ಲಿಗೇ ಒಂದಿಷ್ಟು ಬೆಲೆಯೇರಿಕೆ ಸೇರಿಸಿ ಕೈತೊಳೆದುಕೊಂಡಿದ್ದೆ. ಊರಿಗೆಲ್ಲ ದುಡ್ಡಿನ ಬುದ್ಧಿ ಹೇಳುವವಳ ಲೆಕ್ಕ ಇದು.

29ನೇ ವಾರ, ನಡುರಾತ್ರಿ ರಕ್ತ ಕಾಣಿಸಿತು. ಮಾಸು ಗರ್ಭಕೋಶದ ಬಾಯಿಗೇ ಅಡ್ಡ ಕೂತಿದೆ, ಪ್ಲಾಸೆಂಟಾ ಪ್ರೀವಿಯಾ ಎಂದರು. ಐದು ದಿನ ಆಸ್ಪತ್ರೆ, ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೆರಾಯ್ಡ್ ಇಂಜೆಕ್ಷನ್, ಆಮೇಲೆ ಮನೆಯಲ್ಲಿ ಹಾಸಿಗೆ. 33ನೇ ವಾರ ಮತ್ತೆ ರಕ್ತ, ತುರ್ತು ಸಿಸೇರಿಯನ್. ನನಗೆ ಮೂರು ಯೂನಿಟ್ ರಕ್ತ ಏರಿಸಿದರು. 1,800 ಗ್ರಾಂ ತೂಕದ ಮಗ ನೇರ ಎನ್‌ಐಸಿಯುಗೆ ಹೋದ.

ಸ್ವಲ್ಪ ಹೊತ್ತಿಗೆ ಗಂಡನ ಕೈಗೆ ಎರಡನೇ ಫೈಲು ಬಂತು. ಹೆಸರಿನ ಜಾಗದಲ್ಲಿ 'ಬೇಬಿ ಆಫ್', ಮುಂದೆ ನನ್ನ ಹೆಸರು. ಬೇರೆ ನಂಬರು, ಬೇರೆ ಮುಂಗಡ. ನರ್ಸ್ ಮೊದಲು ಕೇಳಿದ್ದೇ ಮಗುವಿನ ತಲೆಗೆ ಟೋಪಿ. ದಿನ ತುಂಬದ ಮಕ್ಕಳಿಗೆ ಮೈ ಬೇಗ ತಣ್ಣಗಾಗುತ್ತದಂತೆ. ಅಂಗಡಿಗೆ ಓಡಿ 120 ರೂಪಾಯಿಯ ಕುಲಾವಿ ತಂದರು.

ಕಂಪನಿಯ ಗುಂಪು ವಿಮೆ 5 ಲಕ್ಷದ್ದು, ಅದರಲ್ಲಿ ಹೆರಿಗೆಗೆ ಮಿತಿ 75,000. ನನ್ನ ಬಿಲ್ಲು 2,08,000. ಇದು ಹೆರಿಗೆಯಲ್ಲ, ಜೀವಕ್ಕೇ ಬಂದಿದ್ದು ಅಂತ ವಾದಿಸಿ ನೋಡಿದೆವು. ನಮ್ಮ ಪಾಲಿಸಿಯಲ್ಲಿ ಗರ್ಭಿಣಿಯ ತೊಡಕೆಲ್ಲ ಹೆರಿಗೆಯ ಖಾತೆಗೇ. ಹೊಟ್ಟೆಯುರಿದದ್ದು ಇನ್ನೊಂದಕ್ಕೆ: 29ನೇ ವಾರದ ಆ ಐದು ದಿನ ಅದೇ 75,000ದಲ್ಲಿ 31,000 ತಿಂದು ಮುಗಿಸಿತ್ತು. ಉಳಿದದ್ದು 44,000.

ಮಗುವಿನ ಕಡೆಗೆ ಅದೃಷ್ಟವಿತ್ತು. ಹೆರಿಗೆಯ ಮಿತಿಯೊಳಗೇ ಕೂಸನ್ನೂ ತುರುಕುವ ಪಾಲಿಸಿಗಳಿವೆ. ನಮ್ಮದರಲ್ಲಿ ಮೊದಲ ದಿನದಿಂದಲೇ ಪೂರ್ತಿ 5 ಲಕ್ಷ, 30 ದಿನದೊಳಗೆ ಎಚ್‌ಆರ್‌ಗೆ ತಿಳಿಸಿದರೆ. ಅದು ಯಾರಿಗೆ ನೆನಪು? ನಾನು ಎರಡೆರಡು ಗಂಟೆಗೆ ಹಾಲು ಹಿಂಡುತ್ತಿದ್ದೆ, ಅವರು ಡಬ್ಬಿ ಹಿಡಿದು ಮೆಟ್ಟಿಲು ಹತ್ತಿಳಿಯುತ್ತಿದ್ದರು. ಗೆಳತಿಯೊಬ್ಬಳು ಫೋನಿನಲ್ಲಿ ಗದರಿದ ಮೇಲೆ, 11ನೇ ದಿನ ಇಮೇಲ್ ಹೋಯಿತು. 17 ದಿನಕ್ಕೆ 3,10,000 ಆದ ಬಿಲ್ಲಿನಲ್ಲಿ ನಮ್ಮ ಪಾಲು 38,000: ಗ್ಲೌಸು, ಡಯಾಪರು, ಹೀಗೆ ವಿಮೆಗೆ ಸೇರದ ಸಾಮಾನು.

ರಜೆಯದ್ದೂ ದುಡ್ಡಿನ ಮಾತೇ. 26 ವಾರದ ಸಂಬಳದ ರಜೆ ಎರಡನೇ ಮಗುವಿಗೂ ಇತ್ತು, ಅದು ಎಲ್ಲರಿಗೂ ಗೊತ್ತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 10ನೇ ಸೆಕ್ಷನ್ ನಾನು ಓದಿದ್ದು ಎದೆಯ ಮೇಲೆ ಮಗುವನ್ನು ಮಲಗಿಸಿಕೊಂಡು, ಒಂದೇ ಕೈಯಲ್ಲಿ ಫೋನು ಹಿಡಿದು. ಬಸಿರು, ಹೆರಿಗೆಯಿಂದ ಬಂದ ಕಾಯಿಲೆಗೆ, ದಿನ ತುಂಬದ ಹೆರಿಗೆಗೆ, ವೈದ್ಯರ ದಾಖಲೆ ಕೊಟ್ಟರೆ ಇನ್ನೂ ಒಂದು ತಿಂಗಳವರೆಗೆ ಸಂಬಳದ ರಜೆ. ಎಚ್‌ಆರ್ ಹುಡುಗನಿಗೂ ಅದು ಹೊಸ ಸುದ್ದಿ. ಕೊಟ್ಟರು.

ಕೈಯಿಂದ ಕಟ್ಟಬೇಕಾದದ್ದು 2,02,000, ಕೂಡಿಟ್ಟದ್ದು 80,000. ಕ್ರೆಡಿಟ್ ಕಾರ್ಡು ಉಜ್ಜಿಬಿಡೋಣ ಎಂದರು ಇವರು. ತಿಂಗಳಿಗೆ ಮೂರು ಚಿಲ್ಲರೆ ಪರ್ಸೆಂಟ್ ಬಡ್ಡಿಯದು. ಅಮ್ಮ ಮಾತಾಡದೆ ಒಳಗೆ ಹೋಗಿ ಅವಲಕ್ಕಿ ಸರ ತಂದು ಮಂಚದ ಮೇಲಿಟ್ಟರು. ಬ್ಯಾಂಕಿನಲ್ಲಿ ಚಿನ್ನದ ಬೆಲೆಯ ಮುಕ್ಕಾಲು ಪಾಲಿನವರೆಗೆ ಸಾಲ ಸಿಗುತ್ತಿತ್ತು. ನಮಗೆ ಬೇಕಾದಷ್ಟನ್ನೇ ತೆಗೆದುಕೊಂಡೆವು.

ಬಿಡಿಸಿಕೊಳ್ಳಲು ಹತ್ತು ತಿಂಗಳು ಹಿಡಿಯಿತು. ಸರ ಮನೆಗೆ ಬಂದ ದಿನ ಅಮ್ಮ ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಬಡ್ಡಿ ಎಷ್ಟಾಯಿತು ಎಂದಷ್ಟೇ ಕೇಳಿದರು. ಹೇಳಿದೆ. "ಕುಲಾವಿ ಆಗಲೇ ಹೊಲಿಸಿದ್ದರೆ 120 ಉಳೀತಿತ್ತು" ಎಂದು ದೊಡ್ಡವಳ ಜಡೆ ಹಾಕಲು ಕೂತರು.