ಮಾಡಲಾಗದ ಕೆಲಸಗಳ ಪುಸ್ತಕ

ಕೋವಿಡ್ ಕಾಲದಲ್ಲಿ ಗುತ್ತಿಗೆಗೆ ಬಂದಿದ್ದ ಸಿಸ್ಟರ್‌ಗಳ ಅವಧಿ ಮುಂದುವರಿಸುವುದಿಲ್ಲ ಎಂಬ ಆದೇಶ ಬಂದಾಗ ನಾನು 100 ಹಾಸಿಗೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್. ಇದ್ದ 31 ಜನರಲ್ಲಿ 9 ಮಂದಿ ಒಂದೇ ತಿಂಗಳಲ್ಲಿ ಹೊರಟರು. ಹಾಸಿಗೆ ಒಂದೂ ಕಡಿಮೆಯಾಗಲಿಲ್ಲ, ಹೆರಿಗೆಯೂ ಕಡಿಮೆಯಾಗಲಿಲ್ಲ.

ನನ್ನ ಮೊದಲ ತಪ್ಪು ಎಲ್ಲರಿಗೂ ಸಮನಾಗಿ ಹಂಚಿದ್ದು. ಯಾರೂ ಮುನಿಸಿಕೊಳ್ಳಬಾರದೆಂದು ಪಂಕ್ತಿಯಲ್ಲಿ ಬಡಿಸಿದ ಹಾಗೆ ಎಲ್ಲ ವಾರ್ಡಿನಿಂದಲೂ ಕಡಿತ ಮಾಡಿ ಡ್ಯೂಟಿ ಪಟ್ಟಿ ಬರೆದೆ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಹೆರಿಗೆ ಕೋಣೆಗೂ ಬಾಣಂತಿಯರ ವಾರ್ಡಿಗೂ ಸೇರಿ ಒಬ್ಬರೇ ಸಿಸ್ಟರ್.

ಮೂರನೆಯ ವಾರದ ಒಂದು ರಾತ್ರಿ. ಹೆರಿಗೆಯಾದ ಮೊದಲ ಎರಡು ಗಂಟೆ ತಾಯಿಯ ನಾಡಿ, ಬಿಪಿ, ರಕ್ತಸ್ರಾವ, ಗರ್ಭಕೋಶದ ಬಿಗಿಯನ್ನು 15 ನಿಮಿಷಕ್ಕೊಮ್ಮೆ ನೋಡಬೇಕು. ಸಿಸ್ಟರ್ ಆಗ ಇನ್ನೊಂದು ಹೆರಿಗೆಯಲ್ಲಿದ್ದರು. ಬಾಣಂತಿಯ ಅವ್ವ ಬಾಗಿಲಿಗೆ ಬಂದು, "ಸಿಸ್ಟರ್, ಹಾಸಿಗೆ ಪೂರ್ತಿ ಒದ್ದೆ ಆಗ್ಯದ," ಅಂದಾಗಲೇ ಗೊತ್ತಾದದ್ದು. ಹೊಟ್ಟೆ ತಿಕ್ಕಿ, ಆಕ್ಸಿಟೋಸಿನ್ ಹಾಕಿ, ರಕ್ತ ಕೊಟ್ಟು ತಾಯಿಯನ್ನು ಉಳಿಸಿಕೊಂಡರು. ಬೆಳಿಗ್ಗೆ ಕೇಸ್ ಶೀಟ್ ನೋಡಿದೆ: 1.00ಕ್ಕೆ ಬರೆದಿದೆ, 1.15ಕ್ಕೆ ಬರೆದಿದೆ, ಆಮೇಲೆ ಖಾಲಿ. ಸಿಸ್ಟರ್ ಅಳುತ್ತಿದ್ದರು. ಆ ಖಾಲಿ ಮನೆಗಳಲ್ಲಿ ನನಗೆ ಕಂಡದ್ದು ನನ್ನದೇ ಕೈಬರಹ.

ಅಂದೇ ಪಟ್ಟಿ ಹರಿದೆ. ಹೆರಿಗೆ ಕಡೆ ರಾತ್ರಿಯೂ ಇಬ್ಬರು, ಅದನ್ನು ಮುಟ್ಟುವಂತಿಲ್ಲ. ಡಿಸ್ಚಾರ್ಜ್‌ಗೆ ಹತ್ತಿರವಿದ್ದವರನ್ನು ಅಕ್ಕಪಕ್ಕದ ಎರಡು ವಾರ್ಡುಗಳಲ್ಲಿ ಒಟ್ಟಿಗೆ ಮಲಗಿಸಿ ಒಬ್ಬ ಸಿಸ್ಟರ್ ನೋಡಿಕೊಳ್ಳುವಂತೆ ಮಾಡಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ದಿನ ವಾರಕ್ಕೆ ಎರಡಿದ್ದದ್ದು ಒಂದಾಯಿತು. ಬೆಡ್‌ಶೀಟ್ ಎಣಿಕೆ, ಇಂಡೆಂಟ್, ಒಂದೇ ವಿಷಯವನ್ನು ಮೂರು ಕಡೆ ಬರೆಯುವ ರಿಜಿಸ್ಟರ್‌ಗಳು ಸಿಸ್ಟರ್‌ಗಳ ಕೈಬಿಟ್ಟವು. ಕೆಲವರು ಮುನಿಸಿಕೊಂಡರು. ಕೊಳ್ಳಲಿ ಎಂದು ಬಿಟ್ಟೆ.

ಎರಡನೆಯ ಪಾಠ ಕಲಿಸಿದ್ದು ಹೊಗಳಿಕೆ. ಮೂರು ತಿಂಗಳ ನಂತರ ಪ್ರಗತಿ ಪರಿಶೀಲನಾ ಸಭೆಯಲ್ಲಿ ಮೇಲಧಿಕಾರಿಯೊಬ್ಬರು, "ಇಷ್ಟೇ ಜನರಲ್ಲಿ ಚೆನ್ನಾಗೇ ನಡೀತಿದೆಯಲ್ಲ ಮೇಡಂ!" ಎಂದರು. ನಾವು ಹೇಗೋ ನಿಭಾಯಿಸಿದ್ದೇ ನಮಗೆ ಮುಳುವಾಗಿತ್ತು. ಊಟ ಬಿಟ್ಟು, ರಜೆ ಬಿಟ್ಟು ನಾವು ಮುಚ್ಚಿಟ್ಟ ಕೊರತೆ ಅವರ ಲೆಕ್ಕದಲ್ಲಿ ಉಳಿತಾಯ.

ಮರುದಿನ ಒಂದು ಲಾಂಗ್ ನೋಟ್‌ಬುಕ್ ತರಿಸಿದೆ. ಪ್ರತಿ ಪಾಳಿಯವರೂ ಮಾಡಬೇಕಿದ್ದು ಮಾಡಲಾಗದ್ದನ್ನು ಅದರಲ್ಲಿ ಬರೆಯಬೇಕು. "7ನೇ ಹಾಸಿಗೆಯ ಅಜ್ಜನಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ರಾತ್ರಿಯಿಡೀ ಎರಡೇ ಸಲ ಆಯಿತು." ಇದು ನಾಳೆ ನಮ್ಮ ಮೇಲೇ ತಿರುಗಿದರೆ ಎಂದು ಸಿಸ್ಟರ್‌ಗಳು ಹೆದರಿದರು. ಹೆದರಿಕೆ ಸುಳ್ಳಲ್ಲ. ಹಾಗಾಗಿ ಬರೆಯುವ ಮೊದಲೇ ಖಾಲಿ ಪುಟದ ಕೆಳಗೆ ನನ್ನ ಸಹಿ ಹಾಕಿಡುತ್ತಿದ್ದೆ. ತಿಂಗಳಿಗೊಮ್ಮೆ ಅದರ ಪ್ರತಿ ಮೇಲಿನ ಕಚೇರಿಗೆ ಹೋಗುತ್ತಿತ್ತು.

ಪವಾಡವೇನೂ ನಡೆಯಲಿಲ್ಲ. ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಇಬ್ಬರನ್ನು ತೆಗೆದುಕೊಳ್ಳಲು ಒಪ್ಪಿಗೆ ಸಿಕ್ಕಿತು. ಉಳಿದ ಏಳು ಜಾಗ ಖಾಲಿಯೇ ಉಳಿದವು.

ನಿವೃತ್ತಿಯ ದಿನ ಬೀರುವಿನ ಕೀಲಿ, ಔಷಧಿ ಲೆಕ್ಕ, ಉಪಕರಣಗಳ ಪಟ್ಟಿ ಒಪ್ಪಿಸಿದೆ. ಚಾರ್ಜ್ ಲಿಸ್ಟಿನ ಕೊನೆಯ ಸಾಲಿನಲ್ಲಿ ಆ ನೋಟ್‌ಬುಕ್ಕನ್ನೂ ಬರೆಸಿ, ನನ್ನ ಜಾಗಕ್ಕೆ ಬಂದವರಿಂದ ಸಹಿ ತೆಗೆದುಕೊಂಡೆ.