ಹೋಟೆಲು ನವೀಕರಣ: ಸಾಲ ಪಡೆಯುವ ಮುನ್ನ ಮಾಡಬೇಕಾದ ಲೆಕ್ಕ

ಬೆಂಗಳೂರು ನಗರದ ಹೋಟೆಲು ಉದ್ಯಮದ ಚರಿತ್ರೆಯು ಹೊಸ ಕಟ್ಟಡಗಳ ಹಾಗೂ ಹಳೆಯ ಕಟ್ಟಡಗಳ ನವೀಕರಣದ ಚರಿತ್ರೆಯೇ ಆಗಿದೆ. ಇಂದಿನ ತಾಜ್ ವೆಸ್ಟ್ ಎಂಡ್ 1887ರಲ್ಲಿ ಹತ್ತು ಕೊಠಡಿಗಳ ಒಂದು ವಸತಿಗೃಹವಾಗಿ ಆರಂಭವಾಯಿತು. 2001ರಲ್ಲಿ ಲೀಲಾ ಪ್ಯಾಲೇಸ್, 2009ರಲ್ಲಿ ಐಟಿಸಿ ಗಾರ್ಡೇನಿಯಾ, 2013ರಲ್ಲಿ ರಿಟ್ಜ್ ಕಾರ್ಲ್‌ಟನ್, 2019ರಲ್ಲಿ ಫೋರ್ ಸೀಸನ್ಸ್ ನಗರದಲ್ಲಿ ಬಾಗಿಲು ತೆರೆದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿದ ಮೇಲೆ ಈ ಬೆಳವಣಿಗೆಯು ಉತ್ತರ ದಿಕ್ಕಿಗೆ ಹೊರಳಿತು. 2022ರಲ್ಲಿ ನಂದಿ ಬೆಟ್ಟದ ಸಮೀಪದ ಗಾಲ್ಫ್‌ಶೈರ್‌ನಲ್ಲಿಯೂ ಮ್ಯಾರಿಯಟ್ ಸಮೂಹದ ಐಷಾರಾಮಿ ಹೋಟೆಲೊಂದು ಪ್ರಾರಂಭವಾಯಿತು.

ಇದರ ಪ್ರಭಾವವು ಚಿಕ್ಕಬಳ್ಳಾಪುರ ಜಿಲ್ಲೆಯ ಸಣ್ಣ ವಸತಿಗೃಹಗಳ ಮೇಲೂ ಆಗದಿರದು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲವನ್ನೇ ತೆಗೆದುಕೊಳ್ಳಬಹುದು. ಅಮ್ಮಾಜಾನ್ ಬಾವಾಜಾನ್ ದರ್ಗಾ ಮತ್ತು ಮುಕ್ತೀಶ್ವರ ದೇವಾಲಯಗಳೆರಡೂ ಇರುವ ಈ ಗ್ರಾಮಕ್ಕೆ ಎಲ್ಲ ಮತಗಳ ಯಾತ್ರಿಕರೂ ಬರುತ್ತಾರೆ. ಅದೇ ತಾಲ್ಲೂಕಿನ ಕೈವಾರ, ಕೈಲಾಸಗಿರಿಗಳಿಗೆ ಹೋಗುವವರೂ, 2023ರ ಜನವರಿಯಲ್ಲಿ ಚಿಕ್ಕಬಳ್ಳಾಪುರದ ಬಳಿ ಅನಾವರಣಗೊಂಡ ಆದಿಯೋಗಿ ಪ್ರತಿಮೆಯನ್ನು ನೋಡಲು ಬರುವವರೂ ಇದ್ದಾರೆ. ಇಂತಹ ಊರಿನ ವಸತಿಗೃಹದ ಮಾಲೀಕರು ಗೋಡೆಗೆ ಬಣ್ಣ, ಕೊಠಡಿಗೆ ಹವಾನಿಯಂತ್ರಣ, ಸ್ನಾನಗೃಹಕ್ಕೆ ಹೊಸ ಟೈಲ್ಸ್ ಹಾಕಿಸಲು ಬ್ಯಾಂಕಿನ ಮೆಟ್ಟಿಲು ಹತ್ತುವುದು ಸಹಜ. ಆದರೆ ಬೆಂಗಳೂರಿನ ದೊಡ್ಡ ಹೋಟೆಲಿಗೂ ಮುರುಗಮಲ್ಲದ ಹತ್ತು ಕೊಠಡಿಗಳ ವಸತಿಗೃಹಕ್ಕೂ ತೆರಿಗೆಯ ಲೆಕ್ಕ ಒಂದೇ ಅಲ್ಲ. 2025ರ ಸೆಪ್ಟೆಂಬರ್ ನಂತರ ಈ ವ್ಯತ್ಯಾಸವು ಇನ್ನಷ್ಟು ಸ್ಪಷ್ಟವಾಗಿದೆ. ಅದನ್ನು ಅರಿಯದೆ ಪಡೆದ ಸಾಲವು ಲಾಭದಲ್ಲಿ ನಡೆಯುತ್ತಿದ್ದ ವಸತಿಗೃಹವನ್ನೂ ಸಂಕಷ್ಟಕ್ಕೆ ದೂಡಬಹುದು.

ದಾಸ್ತಾನು ಇಡಲಾಗದ ಸರಕು

ದಿನಸಿ ವ್ಯಾಪಾರಿಯು ಇಂದು ಮಾರಾಟವಾಗದ ಬೇಳೆಯನ್ನು ನಾಳೆ ಮಾರಬಲ್ಲನು. ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯು ನೂಲನ್ನು ಕೆಲವು ದಿನ ಹಿಡಿದಿಟ್ಟುಕೊಳ್ಳಬಲ್ಲನು. ಆದರೆ ಇಂದು ರಾತ್ರಿ ಖಾಲಿ ಉಳಿದ ಕೊಠಡಿಯನ್ನು ನಾಳೆ ಎರಡು ಬಾರಿ ಮಾರಲಾಗದು. ಆದುದರಿಂದ ಹೋಟೆಲಿನ ಆದಾಯವನ್ನು ಅಳೆಯುವಾಗ ಬಾಡಿಗೆ ದರದೊಂದಿಗೆ ಭರ್ತಿ ಪ್ರಮಾಣವನ್ನೂ ನೋಡಬೇಕು. ಯಾತ್ರಾಸ್ಥಳಗಳಲ್ಲಿ ವಿಶೇಷ ದಿನಗಳಂದು ಕೊಠಡಿ ಸಿಗುವುದೇ ಕಷ್ಟ. ಉಳಿದ ದಿನಗಳಲ್ಲಿ ಅರ್ಧಕ್ಕರ್ಧ ಖಾಲಿ. ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಯಲ್ಲಿ ಜಾತ್ರೆ, ಉರುಸುಗಳ ದಿನದ ಭರ್ತಿಯನ್ನು ವರ್ಷವಿಡೀ ಹರಡಿ ತೋರಿಸಿದರೆ ಸಾಲ ಮಂಜೂರಾಗಬಹುದು, ಆದರೆ ಕಂತು ಕಟ್ಟಲು ಹಣವಿರುವುದಿಲ್ಲ.

7,500 ರೂಪಾಯಿಗಳ ಗಡಿ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ದಿನಕ್ಕೆ 1,000 ರೂ.ಗಿಂತ ಕಡಿಮೆ ಬಾಡಿಗೆಯ ಕೊಠಡಿಗಳಿಗೆ ವಿನಾಯಿತಿ ಇತ್ತು. 2022ರ ಜುಲೈ 18ರಿಂದ ಆ ವಿನಾಯಿತಿ ರದ್ದಾಗಿ 7,500 ರೂ.ವರೆಗಿನ ಎಲ್ಲ ಕೊಠಡಿಗಳಿಗೂ ಶೇ. 12ರ ದರ ಅನ್ವಯವಾಯಿತು. 2025ರ ಸೆಪ್ಟೆಂಬರ್ 22ರಿಂದ ಈ ದರವು ಶೇ. 5ಕ್ಕೆ ಇಳಿಯಿತು. 7,500 ರೂ.ಗಿಂತ ಹೆಚ್ಚಿನ ಬಾಡಿಗೆಗೆ ಶೇ. 18ರ ದರವೇ ಮುಂದುವರಿದಿದೆ.

ಗ್ರಾಹಕನಿಗೆ ಇದು ಸಂತಸದ ಸುದ್ದಿ. 1,500 ರೂ. ಬಾಡಿಗೆಯ ಕೊಠಡಿಗೆ ಹಿಂದೆ 1,680 ರೂ. ತೆರುತ್ತಿದ್ದವನು ಈಗ 1,575 ರೂ. ತೆತ್ತರೆ ಸಾಕು. ಆದರೆ ಶೇ. 5ರ ದರದೊಂದಿಗೆ ಒಂದು ಷರತ್ತು ಇದೆ: ಹೂಡುವಳಿ ತೆರಿಗೆಯ ಜಮೆಯನ್ನು ಪಡೆಯುವಂತಿಲ್ಲ. ಮಂಚ, ಹಾಸಿಗೆ, ದೂರದರ್ಶನ ಯಂತ್ರ, ಗೀಸರ್, ಹವಾನಿಯಂತ್ರಕ ಮುಂತಾದವುಗಳ ಮೇಲೆ ಮಾಲೀಕರು ತೆತ್ತ ತೆರಿಗೆಯನ್ನು ಗ್ರಾಹಕರಿಂದ ಸಂಗ್ರಹಿಸಿದ ತೆರಿಗೆಗೆ ಹೊಂದಿಸಿಕೊಳ್ಳಲು ಬರುವುದಿಲ್ಲ. ಶೇ. 18ನ್ನು ಸಂಗ್ರಹಿಸಿ ಜಮೆ ಪಡೆಯುತ್ತೇವೆಂಬ ಆಯ್ಕೆಯೂ ಇಲ್ಲ. 7,500 ರೂ. ಮೀರಿದ ಬಾಡಿಗೆಯ ಹೋಟೆಲಿಗೆ ಈ ಜಮೆಯು ದೊರೆಯುತ್ತದೆ. ಹೀಗಾಗಿ ಅದೇ ಹವಾನಿಯಂತ್ರಕವು ಬೆಂಗಳೂರಿನ ಐಷಾರಾಮಿ ಹೋಟೆಲಿಗಿಂತ ಮುರುಗಮಲ್ಲದ ವಸತಿಗೃಹಕ್ಕೆ ತೆರಿಗೆಯಷ್ಟು ಮೊತ್ತದ ಮಟ್ಟಿಗೆ ದುಬಾರಿಯಾಗುತ್ತದೆ. ಸಿಮೆಂಟು ಹಾಗೂ ಹವಾನಿಯಂತ್ರಕಗಳ ಮೇಲಿನ ತೆರಿಗೆಯು ಅದೇ ದಿನಾಂಕದಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದು ಮಾತ್ರ ಸ್ವಲ್ಪ ಸಮಾಧಾನದ ಸಂಗತಿ.

ನಮ್ಮಲ್ಲಿ ಹೋಟೆಲು ಎಂದೊಡನೆ ಊಟ ತಿಂಡಿಯ ಸ್ಥಳವೇ ಮನಸ್ಸಿಗೆ ಬರುತ್ತದೆ. ವಸತಿಯೊಂದಿಗೆ ಉಪಾಹಾರ ಗೃಹವನ್ನೂ ನಡೆಸುವವರು ಮತ್ತೊಂದು ಅಂಶವನ್ನು ಗಮನಿಸಬೇಕು. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಹಿಂದಿನ ಆರ್ಥಿಕ ವರ್ಷದಲ್ಲಿ ಯಾವುದೇ ಒಂದು ಕೊಠಡಿಯನ್ನು ದಿನಕ್ಕೆ 7,500 ರೂ.ಗಿಂತ ಹೆಚ್ಚಿನ ದರಕ್ಕೆ ನೀಡಿದ್ದರೆ, ಆ ಆವರಣದಲ್ಲಿರುವ ಉಪಾಹಾರ ಗೃಹದ ಬಿಲ್ಲಿಗೆ ಶೇ. 18ರ ತೆರಿಗೆ ಅನ್ವಯಿಸುತ್ತದೆ. ಇಲ್ಲವಾದಲ್ಲಿ ಶೇ. 5 ಮಾತ್ರ. ನವೀಕರಣದ ಹುರುಪಿನಲ್ಲಿ ಮದುವೆ ಪಾರ್ಟಿಗಳಿಗೆಂದು ಒಂದೇ ಒಂದು ವಿಶೇಷ ಕೊಠಡಿಯನ್ನು ಸಜ್ಜುಗೊಳಿಸಿ 8,000 ರೂ.ಗೆ ನೀಡಿದರೂ ಮರುವರ್ಷ ಕೆಳಗಡೆಯ ಇಡ್ಲಿ ಕಾಫಿಯ ಬಿಲ್ಲು ಏರುತ್ತದೆ.

ದುರಸ್ತಿಯೋ, ಬಂಡವಾಳ ವೆಚ್ಚವೋ

ನವೀಕರಣದ ಖರ್ಚನ್ನು ಪೂರ್ತಿಯಾಗಿ ಆ ವರ್ಷದ ಲಾಭದಿಂದ ಕಳೆಯಬಹುದೆಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ಇರುವ ಆಸ್ತಿಯನ್ನು ಇದ್ದ ಸ್ಥಿತಿಯಲ್ಲೇ ಉಳಿಸಿಕೊಳ್ಳಲು ಮಾಡುವ ಖರ್ಚು ದುರಸ್ತಿ. ಹೊಸ ಅನುಕೂಲವನ್ನು ಅಥವಾ ಹೊಸ ಆಸ್ತಿಯನ್ನು ತರುವ ಖರ್ಚು ಬಂಡವಾಳ ವೆಚ್ಚ. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಒಂದು ಚಿತ್ರಮಂದಿರಕ್ಕೆ ಹೊಸ ಯಂತ್ರ, ಪೀಠೋಪಕರಣ, ವಿದ್ಯುತ್ ವೈರಿಂಗ್ ಮುಂತಾದುವನ್ನು ಅಳವಡಿಸಿ ಕಟ್ಟಡವನ್ನು ವ್ಯಾಪಕವಾಗಿ ನವೀಕರಿಸಿದ ಖರ್ಚು ಚಾಲ್ತಿ ದುರಸ್ತಿಯಲ್ಲ, ಬಂಡವಾಳ ವೆಚ್ಚವೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ತೀರ್ಪಿತ್ತಿತು. ವಸತಿಗೃಹದ ಸಮಗ್ರ ನವೀಕರಣಕ್ಕೂ ಇದೇ ತತ್ತ್ವ ಅನ್ವಯಿಸುತ್ತದೆ. ಸೋರುವ ನಲ್ಲಿಯನ್ನು ಬದಲಿಸುವುದು ದುರಸ್ತಿ; ಹಳೆಯ ಸ್ನಾನಗೃಹಗಳನ್ನೆಲ್ಲ ಒಡೆದು ಹೊಸದಾಗಿ ಕಟ್ಟಿಸುವುದು ಬಂಡವಾಳ ವೆಚ್ಚ.

ಬಂಡವಾಳ ವೆಚ್ಚಕ್ಕೆ ಆದಾಯ ತೆರಿಗೆಯಲ್ಲಿ ಸವಕಳಿ ಮಾತ್ರ ದೊರೆಯುತ್ತದೆ: ಹೋಟೆಲು ಕಟ್ಟಡಕ್ಕೆ ಶೇ. 10, ಪೀಠೋಪಕರಣ ಹಾಗೂ ವಿದ್ಯುತ್ ಜೋಡಣೆಗಳಿಗೆ ಶೇ. 10, ಯಂತ್ರೋಪಕರಣಗಳಿಗೆ ಸಾಮಾನ್ಯವಾಗಿ ಶೇ. 15. ಆಸ್ತಿಯು ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾಗಿದ್ದರೆ ಅರ್ಧ ಸವಕಳಿ ಮಾತ್ರ. ಆದುದರಿಂದ ನವೀಕೃತ ಕೊಠಡಿಗಳು ಅಕ್ಟೋಬರ್ ಆರಂಭಕ್ಕೆ ಮೊದಲೇ ಬಳಕೆಗೆ ಬರುವುದು ಲಾಭಕರ. ಗಾರೆ ಕೆಲಸದವರಿಗೆ, ಬಡಗಿಗಳಿಗೆ, ಅಂಗಡಿಯವರಿಗೆ ಒಬ್ಬರಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ನೀಡಿದರೆ ಆ ಮೊತ್ತವು ಆಸ್ತಿಯ ವೆಚ್ಚಕ್ಕೆ ಸೇರುವುದಿಲ್ಲ. ಇನ್ನು ಅಂದಾಜು ಆದಾಯ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸಣ್ಣ ಮಾಲೀಕರಿಗೆ ಸವಕಳಿಯು ಆ ಅಂದಾಜಿನಲ್ಲೇ ಅಡಕವಾಗಿರುವುದರಿಂದ ನವೀಕರಣದ ಖರ್ಚಿಗೆ ಪ್ರತ್ಯೇಕ ಕಳೆತವಿಲ್ಲ.

7,500 ರೂ. ಮೀರಿದ ದರದ ಹೋಟೆಲುಗಳಿಗೂ ಈ ವರ್ಗೀಕರಣ ಮುಖ್ಯ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)ನೇ ಪ್ರಕರಣದಂತೆ ಸ್ಥಿರಾಸ್ತಿಯ ನಿರ್ಮಾಣದ ಮೇಲಿನ ಹೂಡುವಳಿ ತೆರಿಗೆಗೆ ಜಮೆಯಿಲ್ಲ. ನವೀಕರಣ, ಮಾರ್ಪಾಡು, ದುರಸ್ತಿಗಳೂ ಲೆಕ್ಕಪುಸ್ತಕದಲ್ಲಿ ಬಂಡವಾಳವೆಂದು ದಾಖಲಾದ ಮಟ್ಟಿಗೆ ನಿರ್ಮಾಣವೆಂದೇ ಪರಿಗಣಿತವಾಗುತ್ತವೆ. ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್‌ನಲ್ಲಿ ಕೆಲವು ಕಟ್ಟಡಗಳಿಗೆ ತೆರೆದಿದ್ದ ದಾರಿಯನ್ನು 2025ರ ಹಣಕಾಸು ಕಾಯ್ದೆಯು 2017ರಿಂದಲೇ ಪೂರ್ವಾನ್ವಯವಾಗುವ ತಿದ್ದುಪಡಿಯ ಮೂಲಕ ಮುಚ್ಚಿತು.

ಒಂದು ಉದಾಹರಣೆ

ಲೆಕ್ಕವನ್ನು ತಿಳಿಯಲು ಮುರುಗಮಲ್ಲದಂತಹ ಊರಿನಲ್ಲಿ ಹತ್ತು ಕೊಠಡಿಗಳ ವಸತಿಗೃಹವೊಂದನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ. ಬಾಡಿಗೆ ದಿನಕ್ಕೆ 800 ರೂ., ವಾರ್ಷಿಕ ಭರ್ತಿ ಶೇ. 50. ಮಾರಾಟವಾಗುವ ಕೊಠಡಿ ದಿನಗಳು 1,825, ಆದಾಯ 14.60 ಲಕ್ಷ ರೂ. ನವೀಕರಣದ ನಂತರ ಬಾಡಿಗೆಯನ್ನು ತೆರಿಗೆ ಹೊರತುಪಡಿಸಿ 1,200 ರೂ.ಗೆ ಏರಿಸುವ ಯೋಜನೆಯಿದೆ.

ನವೀಕರಣ ವೆಚ್ಚ: 16.00 ಲಕ್ಷ ರೂ.
ಅದರ ಮೇಲೆ ಶೇ. 18ರ ತೆರಿಗೆ: 2.88 ಲಕ್ಷ ರೂ.
ಒಟ್ಟು: 18.88 ಲಕ್ಷ ರೂ.

ತೆರಿಗೆಯ ಜಮೆ ಇಲ್ಲದಿರುವುದರಿಂದ 18.88 ಲಕ್ಷವೇ ನಿಜವಾದ ವೆಚ್ಚ. ಗುತ್ತಿಗೆದಾರರು ನೀಡುವ ದರಪಟ್ಟಿಯಲ್ಲಿ ‘ತೆರಿಗೆ ಪ್ರತ್ಯೇಕ’ ಎಂಬ ಸಾಲು ಕೊನೆಯಲ್ಲಿ ಸಣ್ಣದಾಗಿರುತ್ತದೆ. 16 ಲಕ್ಷಕ್ಕೆ ಮಾತ್ರ ಸಾಲ ಪಡೆದವರು ಕೆಲಸ ಮುಗಿಯುವ ಹಂತದಲ್ಲಿ ಉಳಿದ ಹಣಕ್ಕೆ ಕೈಸಾಲ ಮಾಡಬೇಕಾಗುತ್ತದೆ.

ಭರ್ತಿ ಶೇ. 50ರಲ್ಲೇ ಉಳಿದರೆ ಆದಾಯವು 21.90 ಲಕ್ಷಕ್ಕೆ, ಅಂದರೆ 7.30 ಲಕ್ಷದಷ್ಟು ಏರುತ್ತದೆ. ಪೂರ್ತಿ ವೆಚ್ಚವನ್ನು ಶೇ. 10ರ ಬಡ್ಡಿಯ ಸಾಲದಿಂದ ಭರಿಸಿ ಮೂರು ವರ್ಷಗಳಲ್ಲಿ ಸಮ ಕಂತುಗಳ ಅಸಲಿನೊಂದಿಗೆ ತೀರಿಸುವುದಾದರೆ, ಮೊದಲ ವರ್ಷ ಅಸಲು ಮತ್ತು ಬಡ್ಡಿ ಸೇರಿ ಸುಮಾರು 8.18 ಲಕ್ಷ ಬೇಕು. ಹೆಚ್ಚುವರಿ ಆದಾಯ ಸಾಲದು. ಐದು ವರ್ಷಗಳ ಅವಧಿಯಾದರೆ 5.66 ಲಕ್ಷ ಸಾಕು, ಕಂತು ಸರಾಗ.

ಆದರೆ ಬಾಡಿಗೆ ಏರಿದ್ದರಿಂದ ಯಾತ್ರಿಕರು ಹಿಂದೆ ಸರಿದು ಭರ್ತಿಯು ಶೇ. 40ಕ್ಕೆ ಇಳಿದರೆ? ಕೊಠಡಿ ದಿನಗಳು 1,460, ಆದಾಯ 17.52 ಲಕ್ಷ. ಹೆಚ್ಚಳ ಕೇವಲ 2.92 ಲಕ್ಷ. ಐದು ವರ್ಷಗಳ ಕಂತಿಗೂ ಅರ್ಧದಷ್ಟು ಕೊರತೆ. ಕೊಠಡಿಯ ಅಂದ ಹೆಚ್ಚಿದ ಮಾತ್ರಕ್ಕೆ ಯಾತ್ರಿಕನ ಜೇಬು ಹಿಗ್ಗುವುದಿಲ್ಲ ಎಂಬುದನ್ನು ಮರೆಯಲಾಗದು.

ಕೆಲಸಕ್ಕಾಗಿ ಎರಡು ತಿಂಗಳು ಇಡೀ ವಸತಿಗೃಹವನ್ನು ಮುಚ್ಚಿದರೆ ಹಳೆಯ ದರದಲ್ಲೇ 2.40 ಲಕ್ಷ ರೂ. ಆದಾಯ ನಷ್ಟ. ಬದಲಾಗಿ ಜನಸಂಚಾರ ಕಡಿಮೆಯಿರುವ ತಿಂಗಳುಗಳಲ್ಲಿ ಒಮ್ಮೆಗೆ ಮೂರು ಕೊಠಡಿಗಳಂತೆ ಕೆಲಸ ಮಾಡಿಸಿದರೆ ಉಳಿದ ಏಳು ಕೊಠಡಿಗಳೇ ಸಾಮಾನ್ಯ ದಿನದ ಐದು ಕೊಠಡಿಗಳ ಬೇಡಿಕೆಯನ್ನು ಪೂರೈಸುತ್ತವೆ.

ನೋಂದಣಿಯ ಮಿತಿ

ಸೇವೆಗಳಿಗೆ ಸಂಬಂಧಿಸಿದಂತೆ ಕರ್ನಾಟಕದಲ್ಲಿ ನೋಂದಣಿಯ ಮಿತಿಯು ವಾರ್ಷಿಕ 20 ಲಕ್ಷ ರೂ. ವಹಿವಾಟು. ಮೇಲಿನ ಉದಾಹರಣೆಯಲ್ಲಿ ನವೀಕರಣಕ್ಕೆ ಮುನ್ನ ನೋಂದಣಿ ಅಗತ್ಯವಿರಲಿಲ್ಲ, 21.90 ಲಕ್ಷಕ್ಕೆ ತಲುಪಿದಾಗ ಅದು ಕಡ್ಡಾಯವಾಗುತ್ತದೆ. ಒಂದೇ ಪ್ಯಾನ್ ಸಂಖ್ಯೆಯಡಿ ಉಪಾಹಾರ ಗೃಹವೂ ಇದ್ದರೆ ಎರಡರ ವಹಿವಾಟನ್ನೂ ಕೂಡಿಸಬೇಕು. ಗ್ರಾಹಕನಿಗೆ 1,200 ರೂ.ಗಳ ಕೊಠಡಿಯು ಆಗ 1,260 ರೂ. ಆಗುತ್ತದೆ. ತೆರಿಗೆ ಸೇರಿ 1,200 ರೂ. ಎಂದು ಫಲಕ ಹಾಕಿದ್ದರೆ ಮಾಲೀಕರ ಕೈಗೆ ಸುಮಾರು 1,143 ರೂ. ಮಾತ್ರ ಸೇರುತ್ತದೆ.

50 ಲಕ್ಷದವರೆಗಿನ ಸೇವಾ ವಹಿವಾಟಿಗೆ ಇರುವ ರಾಜಿ ತೆರಿಗೆ ಪದ್ಧತಿಯಲ್ಲಿ ದರ ಶೇ. 6. ಅದನ್ನು ಗ್ರಾಹಕರಿಂದ ವಸೂಲು ಮಾಡುವಂತಿಲ್ಲ. ಸಾಮಾನ್ಯ ದರವೇ ಶೇ. 5 ಆಗಿರುವಾಗ ಕೊಠಡಿ ಬಾಡಿಗೆಯೇ ಮುಖ್ಯ ಆದಾಯವಾಗಿರುವವರಿಗೆ ಅದರ ಆಕರ್ಷಣೆ ಬಹುಮಟ್ಟಿಗೆ ಹೋಗಿದೆ. ನೋಂದಣಿ ಅಗತ್ಯವಿಲ್ಲದ ಮಾಲೀಕರು ಅಂತರಜಾಲ ಬುಕಿಂಗ್ ಸಂಸ್ಥೆಗಳ ಮೂಲಕ ಕೊಠಡಿ ನೀಡಿದರೆ ಆ ಬಾಡಿಗೆಯ ಮೇಲಿನ ತೆರಿಗೆಯನ್ನು ಪಾವತಿಸುವ ಹೊಣೆ ಆ ಸಂಸ್ಥೆಯದು.

ನವೀಕರಣ ನಿಧಿ

ಕಂಪನಿಗಳ ಕಾಯ್ದೆ, 2013ರ ಎರಡನೇ ಅನುಸೂಚಿಯಲ್ಲಿ ಕಾಂಕ್ರೀಟು ಚೌಕಟ್ಟಿನ ಕಟ್ಟಡದ ಆಯಸ್ಸು 60 ವರ್ಷವೆಂದೂ ಹೋಟೆಲುಗಳ ಪೀಠೋಪಕರಣದ ಆಯಸ್ಸು 8 ವರ್ಷವೆಂದೂ ನಿಗದಿಪಡಿಸಲಾಗಿದೆ. ಇದು ಕಂಪನಿಗಳಿಗೆ ಅನ್ವಯಿಸುವ ನಿಯಮವಾದರೂ ಏಕಮಾಲೀಕತ್ವದ ವಸತಿಗೃಹಕ್ಕೂ ಉತ್ತಮ ಮಾರ್ಗದರ್ಶಿ. ಗೋಡೆ ನಿಂತಿರುವಷ್ಟು ಕಾಲ ಒಳಗಿನ ಸಜ್ಜು ಬಾಳುವುದಿಲ್ಲ. ಇಂದು ಮಾಡಿದ ನವೀಕರಣವನ್ನು ಎಂಟು ವರ್ಷಗಳಲ್ಲಿ ಮತ್ತೆ ಮಾಡಬೇಕಾಗುತ್ತದೆ.

ಉದಾಹರಣೆಯ 18.88 ಲಕ್ಷವನ್ನು ಎಂಟು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 2.36 ಲಕ್ಷ, ಮಾರಾಟವಾದ ಪ್ರತಿ ಕೊಠಡಿ ದಿನಕ್ಕೆ ಸುಮಾರು 129 ರೂ. ಭರ್ತಿ ಶೇ. 50ರಲ್ಲೇ ಉಳಿದರೂ ಐದು ವರ್ಷಗಳ ಹೆಚ್ಚುವರಿ ಆದಾಯ 36.50 ಲಕ್ಷ, ಅಸಲು ಬಡ್ಡಿಗಳಿಗೆ 24.54 ಲಕ್ಷ, ಉಳಿಯುವುದು 11.96 ಲಕ್ಷ. ಐದು ವರ್ಷಗಳ ನವೀಕರಣ ನಿಧಿಗೆ ಬೇಕಾದದ್ದು 11.80 ಲಕ್ಷ. ವಿದ್ಯುತ್ ಬಿಲ್ಲಿನ ಏರಿಕೆ ಮತ್ತು ಆದಾಯ ತೆರಿಗೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಅಂದರೆ ಮೊದಲ ಐದು ವರ್ಷ ನವೀಕರಣದಿಂದ ಮಾಲೀಕರ ಮನೆಖರ್ಚಿಗೆ ಏನೂ ದಕ್ಕದು. ನಿಜವಾದ ಲಾಭ ಆರಂಭವಾಗುವುದು ಆರನೇ ವರ್ಷದಿಂದ. ಈ ಅವಧಿಯಲ್ಲಿ ಕೈಗೆ ಬಂದ ನಗದನ್ನು ಲಾಭವೆಂದು ಭ್ರಮಿಸಿ ನಿವೇಶನಕ್ಕೋ ಮದುವೆಗೋ ತೊಡಗಿಸಿದವರು ಎಂಟನೇ ವರ್ಷ ಮತ್ತೆ ಬ್ಯಾಂಕಿನ ಮುಂದೆ ನಿಲ್ಲಬೇಕಾಗುತ್ತದೆ.

ಉಪಸಂಹಾರ

ಸಾಲದ ಅರ್ಜಿಗೆ ಸಹಿ ಹಾಕುವ ಮುನ್ನ ಮಾಲೀಕರು ಐದು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬರೆದಿಟ್ಟುಕೊಳ್ಳುವುದು ಒಳಿತು. ವೆಚ್ಚದ ಅಂದಾಜಿನಲ್ಲಿ ಜಮೆ ಸಿಗದ ತೆರಿಗೆಯೂ ಸೇರಿದೆಯೇ? ಭರ್ತಿ ಶೇ. 10ರಷ್ಟು ಇಳಿದರೆ ಕಂತು ಕಟ್ಟಲು ಸಾಧ್ಯವೇ? ಹೊಸ ಬಾಡಿಗೆಯಿಂದ ವಹಿವಾಟು 20 ಲಕ್ಷ ದಾಟುವುದೇ? ಯಾವುದೇ ಕೊಠಡಿಯ ದರ 7,500 ರೂ. ಮೀರುವುದೇ? ಮುಂದಿನ ನವೀಕರಣದ ನಿಧಿಗೆ ಬಾಡಿಗೆಯಲ್ಲಿ ಎಷ್ಟು ಪಾಲು ಮೀಸಲಿಡಲಾಗಿದೆ?

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಈ ಲೆಕ್ಕಕ್ಕೆಂದೇ ಪ್ರತ್ಯೇಕ ವಿಭಾಗಗಳಿರುತ್ತವೆ. ಮುರುಗಮಲ್ಲ, ಕೈವಾರ, ಚಿಂತಾಮಣಿಗಳ ವಸತಿಗೃಹಗಳಲ್ಲಿ ಅದನ್ನು ಮಾಲೀಕರೇ ಮಾಡಬೇಕು. ಕೆಲವು ತಿಂಗಳುಗಳ ಕೊಠಡಿ ರಿಜಿಸ್ಟರು, ಗುತ್ತಿಗೆದಾರರ ದರಪಟ್ಟಿ ಹಾಗೂ ಬ್ಯಾಂಕಿನ ಕಂತು ಪಟ್ಟಿ, ಈ ಮೂರನ್ನು ಎದುರಿಗಿಟ್ಟುಕೊಂಡರೆ ಒಂದು ಸಂಜೆಯಲ್ಲಿ ಆ ಲೆಕ್ಕ ಮುಗಿಯುತ್ತದೆ.