ಮೈಕ್ರೊಗ್ರಾಂ ಒಂದೇ, ಕಂಪನಿ ಬೇರೆ
ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾದವರಿಗೆ ಕೊಡುವ ಲಿವೊಥೈರಾಕ್ಸಿನ್, ಸಾಕಾಗುವ ಪ್ರಮಾಣಕ್ಕೂ ಹೆಚ್ಚಾಗುವ ಪ್ರಮಾಣಕ್ಕೂ ನಡುವಿನ ಅಂತರ ತೀರ ಕಿರಿದಾಗಿರುವ ಔಷಧಿ. ಡಬ್ಬಿಯ ಮೇಲಿನ 50 ಎಂಬುದು ಮೈಕ್ರೊಗ್ರಾಂ, ಅಂದರೆ ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲಿನ ಲೆಕ್ಕ. ಥೈರೋನಾರ್ಮ್, ಎಲ್ಟ್ರಾಕ್ಸಿನ್ ಎರಡರಲ್ಲೂ ಇರುವುದು ಇದೇ ಔಷಧಿಯಾದರೂ, ಗುಳಿಗೆ ಕಟ್ಟಲು ಬಳಸುವ ಪೂರಕ ಪದಾರ್ಥಗಳು ಬೇರೆಯಾದಾಗ ಕರುಳು ಹೀರಿಕೊಳ್ಳುವ ಪ್ರಮಾಣದಲ್ಲಿ ಅಲ್ಪ ವ್ಯತ್ಯಾಸ ಬರಬಹುದು.

ದೇವದುರ್ಗದ ಓದುಗರು ಬರೆದಿರುವಂತೆ, ‘ಎಲ್ಲಾ ಒಂದೇ ರೀ’ ಎಂದು ಅಂಗಡಿಯವರು ಬೇರೆ ಡಬ್ಬಿ ಕೊಟ್ಟರೆ ತಕ್ಷಣದ ಅಪಾಯ ಸಾಮಾನ್ಯವಾಗಿ ಇರದು. ಆದರೆ ತಿಂಗಳಿಗೊಂದು ಕಂಪನಿಯದನ್ನು ನುಂಗಿದವರ ಟಿಎಸ್‌ಎಚ್, ಅಂದರೆ ಥೈರಾಯ್ಡನ್ನು ಪ್ರಚೋದಿಸಲು ಮಿದುಳಿನ ಬುಡದ ಪಿಟ್ಯುಟರಿ ಸ್ರವಿಸುವ ಹಾರ್ಮೋನು, ಏರಿದ್ದೇಕೆಂದು ಹೇಳುವುದು ವೈದ್ಯರಿಗೂ ಕಷ್ಟ. ಕಂಪನಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು, 15 ದಿನದ ಗುಳಿಗೆ ಉಳಿದಿರುವಾಗಲೇ ತಿಳಿಸಿದರೆ, ದೇವದುರ್ಗ, ಮಾನ್ವಿಗಳ ಅಂಗಡಿಯವರು ರಾಯಚೂರಿನಿಂದ ತರಿಸಿಕೊಡಲು ಸಮಯ ಸಿಗುತ್ತದೆ. ಜನೌಷಧಿ ಕೇಂದ್ರದ ಗುಳಿಗೆ ಕೀಳೆಂಬ ಭಾವನೆಗೆ ಆಧಾರವಿಲ್ಲ. ಅಲ್ಲಿಯೂ ತಯಾರಕರ ಹೆಸರನ್ನು ಪ್ರತಿ ಬಾರಿ ಓದಬೇಕಷ್ಟೆ. ಬದಲಾವಣೆ ಅನಿವಾರ್ಯವಾದರೆ ದಿನ ತಪ್ಪಿಸದೆ ಅದೇ ಮೈಕ್ರೊಗ್ರಾಮಿನದನ್ನು ನುಂಗಿ, 6ರಿಂದ 8 ವಾರಗಳ ಬಳಿಕ ರಕ್ತ ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯರೂ ಹೃದ್ರೋಗಿಗಳೂ ವೈದ್ಯರಿಗೆ ಮೊದಲೇ ತಿಳಿಸಬೇಕು.

ಹಲವು ಬಾರಿ ತಪ್ಪು ಕಂಪನಿಯದೇ ಅಲ್ಲ: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ, ಒಲೆಯ ಪಕ್ಕದ ಗೂಡಿನಲ್ಲಿ ಮುಚ್ಚಳ ಸಡಿಲ ಬಿಟ್ಟ ಡಬ್ಬಿಯ ಗುಳಿಗೆಗಳು ಸತ್ವ ಕಳೆದುಕೊಳ್ಳುತ್ತವೆ, ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಬೇಕಾದದ್ದನ್ನು ಚಹಾದೊಂದಿಗೆ ನುಂಗಿದರೂ, ಕಬ್ಬಿಣ ಅಥವಾ ಕ್ಯಾಲ್ಸಿಯಂ ಗುಳಿಗೆಗೆ 4 ಗಂಟೆಯ ಅಂತರ ಕೊಡದಿದ್ದರೂ ಹೀರಿಕೆ ಕುಗ್ಗುತ್ತದೆ.